ಕ್ಯಾಂಪಿನ ತಗಡು

೧೯೩೧ರಲ್ಲಿ ನನ್ನ ಓದು ನಿಂತಿತು. ಆಗ ಹೊಳೆನರಸೀಪುರದಲ್ಲಿ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ದಡ್ಡನಾಗಿ ಬಿಟ್ಟವನಲ್ಲ ನಾನು. ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಆ ಕ್ಲಾಸಿನಲ್ಲಿ ಇರಲಿಲ್ಲ, ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಆ ವರ್ಷ ಊರಲ್ಲಿ ಇಲಿ ಬಿತ್ತು. ಇಲಿ ಬಿತ್ತು ಎಂದರೆ ನಮ್ಮ ಕಡೆ ಪ್ಲೇಗು ಬಂತು ಎಂದೇ ಅರ್ಥ. ಸ್ಕೂಲಿಗೆ ಬೀಗ ಬಿತ್ತು, ಅಂಗಡಿಗಳಿಗೆ ಬೀಗ ಬಿತ್ತು, ಜನರೆಲ್ಲ ಪಾತ್ರೆಪಡಗ ಕಟ್ಟಿಕೊಂಡು ಊರ ಹೊರಗೆ ಹೋದರು. ಹೊಲ ಇದ್ದವರು ತಮ್ಮ ಹೊಲದಲ್ಲೇ ಗುಡಿಸಲು ಹಾಕಿಕೊಂಡರು. ಹೊಲವಿಲ್ಲದ ನಮ್ಮಂಥವರಿಗಾಗಿ ಹಾಸನದ ಕಂಟ್ರಾಕ್ಟರೊಬ್ಬರು ಸಾಲಾಗಿ ತಗಡಿನ ಶೆಡ್ಡುಗಳನ್ನು ಎಬ್ಬಿಸಿದರು. ಅದನ್ನು ಎಲ್ಲರೂ ಕ್ಯಾಂಪು ಎನ್ನುತ್ತಿದ್ದರು.

ಅಪ್ಪ ಮೊದಲೇ ತೀರಿಹೋಗಿದ್ದರು. ಅಮ್ಮ, ಅಕ್ಕ, ನಾನು, ಮೂವರೂ ಆ ಶೆಡ್ಡಿನಲ್ಲಿದ್ದೆವು. ಮಧ್ಯಾಹ್ನ ತಗಡು ಕಾದರೆ ಒಳಗೆ ಕೂರುವಂತಿರಲಿಲ್ಲ. ಅಮ್ಮನಿಗೆ ಜ್ವರ ಬಂದಾಗ ಅಕ್ಕ ಹಳೆಯ ಸೀರೆ ನೆನೆಸಿ ತಗಡಿನ ಮೇಲೆ ಎಸೆಯುತ್ತಿದ್ದಳು, ತಣ್ಣಗಾಗಲಿ ಎಂದು. ಸೀರೆ ಒಣಗುವುದಕ್ಕೆ ಎಷ್ಟು ಹೊತ್ತು, ಮತ್ತೆ ನೆನೆಸುವಳು. ಅಮ್ಮ ಅಲ್ಲೇ ತೀರಿಕೊಂಡರು.

ಆ ಶೆಡ್ಡುಗಳನ್ನು ಎಬ್ಬಿಸಿದ ಕೆಲಸಗಾರರಲ್ಲಿ ನನ್ನ ಸೋದರಮಾವನೂ ಒಬ್ಬ. ಅಮ್ಮನ ದೊಡ್ಡಣ್ಣ. ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋದ. ಸ್ಕೂಲು ಮತ್ತೆ ತೆರೆಯುವ ಹೊತ್ತಿಗೆ ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಮುಂದಿನ ವರ್ಷ ಅಕ್ಕನನ್ನು ಅರಕಲಗೂಡಿಗೆ ಮದುವೆ ಮಾಡಿಕೊಟ್ಟ.

ಮಾವನಿಗೆ ಸಹಿ ಹಾಕಲು ಬರುತ್ತಿರಲಿಲ್ಲ, ಬಾಯಿ ಮಾತ್ರ ಜೋರು. ತಗಡಿನ ಕಟ್ಟಡಕ್ಕೆ ಬೆಲೆ ಹೇಳುವುದನ್ನು ಕಲಿಸಿದವನು ಅವನೇ. ಯಾವುದೇ ಊರಿಗೆ ಹೋಗಲಿ, ಗಿರಾಕಿ ಜಾಗ ತೋರಿಸುವ ಮೊದಲು ಅವನು ಊರಿನ ಹುಲ್ಲುಮೆದೆಗಳನ್ನು ನೋಡಿಕೊಂಡು ಬರುತ್ತಿದ್ದ. ಗಾಳಿ ಯಾವ ಕಡೆಯಿಂದ ನುಗ್ಗುತ್ತದೆಂಬುದು ಮೆದೆ ಒಟ್ಟಿದವನಿಗೆ ಗೊತ್ತಿರುತ್ತದೆ. ಮೆದೆಯ ಬೆನ್ನು ಯಾವ ದಿಕ್ಕಿಗಿದೆಯೋ ನಮ್ಮ ಶೆಡ್ಡಿನ ಹಿಂಬದಿಯ ಗೋಡೆಯೂ ಆ ದಿಕ್ಕಿಗೇ ಬರಬೇಕು, ಆ ಕಡೆಯ ಬೋಲ್ಟುಗಳೂ ಒತ್ತಾಗಿರಬೇಕು.

"ನೋಡ್ಲಾ ಅಳಿಮಯ್ಯ," ಎನ್ನುತ್ತಿದ್ದ, "ತಗಡಿಗೆ ರೇಟ್ ಕಟ್ಟೋನು ಅಂಗಡೀವ್ನು. ಕಟ್ಟಡಕ್ಕೆ ರೇಟ್ ಕಟ್ಟೋದು ಆಷಾಢದ್ ಗಾಳಿ ಕಣ್ಲಾ. ಅದನ್ನ ಕೇಳ್ದೆ ಬಾಯಿ ಬಿಟ್ಟೀಯಾ, ಜೋಪಾನ."

ಗಾಳಿಯಾದ ಮೇಲೆ ಅಗಲ ನೋಡಬೇಕು. ನಡುವೆ ಕಂಬ ಬೇಡವೆಂದು ಗಿರಾಕಿ ಹಟ ಹಿಡಿದರೆ ತೊಲೆ ದಪ್ಪವಾಗಬೇಕು, ತೊಲೆ ದಪ್ಪವಾದರೆ ಅದನ್ನು ಹೊರುವ ಗೋಡೆಯೂ ದಪ್ಪವಾಗಬೇಕು. ಬೆಲೆ ಏರುವುದು ತಗಡಿನಲ್ಲಿ ಅಲ್ಲ, ಈ ಹಟದಲ್ಲಿ. ಆಮೇಲೆ ತಗಡಿನ ದಪ್ಪ. ಬೆರಳ ಗೆಣ್ಣಿನಿಂದ ತಟ್ಟಿದರೆ ತೆಳು ತಗಡು ಕಿರುಚುತ್ತದೆ, ದಪ್ಪ ತಗಡು ಗುಂಯ್ ಎನ್ನುತ್ತದೆ. ಇಳಿಜಾರು ಕಡಿಮೆ ಮಾಡಿದರೆ ತಗಡು ಉಳಿಯುತ್ತದೆ, ಆದರೆ ಮಳೆ ನೀರು ಹಿಂದಕ್ಕೆ ಸರಿದು ಸೋರುತ್ತದೆ. ಇದನ್ನೆಲ್ಲ ಗಿರಾಕಿಗೆ ಹೇಳಿದರೆ ಅವನಿಗೆ ಬೇಸರ. ಅವನಿಗೆ ಬೇಕಾದದ್ದು ಒಂದೇ ಮಾತು, ಎಷ್ಟಾಗುತ್ತದೆ?

ಇನ್ನು ರೈಲು. ಹಾಸನಕ್ಕೂ ಹೊಳೆನರಸೀಪುರಕ್ಕೂ ರೈಲಿತ್ತು. ಚನ್ನರಾಯಪಟ್ಟಣಕ್ಕಾಗಲಿ ಅರಕಲಗೂಡಿಗಾಗಲಿ ಇರಲಿಲ್ಲ, ಅಲ್ಲಿಗೆ ತಗಡು ಸಾಗಿಸುವ ಗಾಡಿ ಬಾಡಿಗೆಯೂ ಬೆಲೆಗೆ ಸೇರಬೇಕು. ಒಮ್ಮೆ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು ಗೋದಾಮು ಕಟ್ಟಿಸಲು ಕರೆದರು. ಮಾವ ಬೆಲೆ ಹೇಳಿದ್ದೇ ತಡ, ಅವರು ಎಲೆಯಡಿಕೆ ಉಗಿದು ಬಂದು, "ಅಲ್ಲ ಕಣಯ್ಯಾ, ಇಂಥದ್ದನ್ನೇ ಹಾಸನದಲ್ಲಿ ಕಮ್ಮಿಗೆ ಮಾಡಿದ್ದೀಯಂತಲ್ಲ?" ಎಂದರು.

"ಊ ಸಾ, ಮಾಡಿವ್ನಿ," ಎಂದ ಮಾವ. "ನಿಮ್ ಗೋದಾಮ್ನೂ ಎತ್ಕೊಂಡೋಗಿ ಹಾಸನದಲ್ಲಿ ಮಡಗಿ, ಅದೇ ರೇಟ್ಗೆ ಮಾಡ್ಕೊಡ್ತೀನಿ. ಶಾಂತಿಗ್ರಾಮದ್ ರಸ್ತೇಲಿ ಗಾಡಿ ಎಳ್ಯೋ ಎತ್ಗೊಳು ನಿಮ್ ಮಕ ನೋಡ್ಕಂಡು ಬಿಟ್ಟಿ ಎಳೀತವಾ?"

ವ್ಯಾಪಾರಿ ನಕ್ಕುಬಿಟ್ಟರು. ಕೆಲಸ ನಮಗೇ ಸಿಕ್ಕಿತು.

ಮಾವ ತೀರಿಕೊಂಡ ಮೇಲೆ ಏಣಿ, ಸುತ್ತಿಗೆ, ಗಿರಾಕಿಗಳು ಎಲ್ಲವೂ ನನ್ನ ಪಾಲಿಗೆ ಬಂದವು. ನಾನೂ ಮೈ ಬಗ್ಗಿಸಿ ದುಡಿದೆ. ಇಪ್ಪತ್ತು ದಾಟುವಷ್ಟರಲ್ಲಿ ಮದುವೆಯಾಗಿ, ಹೊಳೆನರಸೀಪುರದಲ್ಲಿ ನನ್ನದೇ ಮನೆ ಕಟ್ಟಿದೆ, ಮೇಲೆ ಹೊಚ್ಚ ಹೊಸ ದಪ್ಪ ತಗಡು, ಪಕ್ಕದ ಕೊಟ್ಟಿಗೆಗೂ ಅದೇ. ಬಿಸಿಲಿಗೆ ಅದು ಹೊಳೆಯುವುದನ್ನು ದಾರಿಯಲ್ಲಿ ನಿಂತು ನೋಡುತ್ತಿದ್ದೆ. ನಾಲ್ಕು ತಾಲೂಕಿನಲ್ಲಿ ತಗಡಿನ ಬೆಲೆ ನನ್ನಷ್ಟು ಬಲ್ಲವರಿಲ್ಲ ಎಂಬ ಗರ್ವ ನನಗಿತ್ತು. ಮಾವ ಕಲಿಸದೆ ಹೋದ ಬಾಬತ್ತು ಒಂದಿತ್ತು. ಅದು ಗೊತ್ತಾದದ್ದು ೧೯೪೧ರ ಕೊನೆಯಲ್ಲಿ.

ಅರಕಲಗೂಡಿನಲ್ಲಿ ಭಾವ ಗದ್ದೆ ಮಾರಿ ಭತ್ತ ಕುಟ್ಟುವ ಮಿಶನ್ನು ತಂದಿದ್ದರು. ಎಣ್ಣೆ ಎಂಜಿನ್ನು, ಬೆಲ್ಟು, ಎಲ್ಲ ಸೇರಿ. ನಾಲ್ಕು ಗೋಡೆ ಎದ್ದಿತ್ತು, ಮೇಲೆ ಸೂರಿಲ್ಲ. ಮಿಶನ್ನು ಟಾರ್ಪಾಲಿನ ಕೆಳಗೆ ಕೂತಿತ್ತು. ಯುದ್ಧ ಶುರುವಾಗಿ ತಗಡೆಲ್ಲ ಮಿಲಿಟರಿಗೆ ಹೋಗುತ್ತಿದ್ದ ಕಾಲ. ಅಂಗಡಿಯಲ್ಲಿ ಕೇಳಿದರೆ ನಗುತ್ತಿದ್ದರು. ಸುಗ್ಗಿಯೊಳಗೆ ಸೂರು ಬೀಳದಿದ್ದರೆ ಆ ವರ್ಷದ ಭತ್ತ ಬೇರೆ ಊರಿನ ಪಾಲು, ಗದ್ದೆಯೂ ಇಲ್ಲ, ದುಡಿಮೆಯೂ ಇಲ್ಲ. ಅಕ್ಕನ ಸಂಸಾರ ಆ ಸೂರಿನ ಮೇಲೆ ನಿಂತಿತ್ತು.

ನಾನು ಹಾಸನಕ್ಕೆ ಹೋದೆ. ಆ ಹಳೆಯ ಕಂಟ್ರಾಕ್ಟರ ಹಿತ್ತಲಲ್ಲಿ ಕ್ಯಾಂಪಿನ ತಗಡುಗಳು ಇನ್ನೂ ಪೇರಿಸಿದ್ದಂತೆಯೇ ಇದ್ದವು. ಪ್ರತಿಯೊಂದರ ಮೇಲೂ ಡಾಂಬರಿನಲ್ಲಿ ಶೆಡ್ಡಿನ ನಂಬರು.

"ತಗೊಂಡೋಗಯ್ಯ, ಪುಣ್ಯ ಬತ್ತದೆ," ಎಂದರು ಅವರು. "ಲಡಾಯಿ ಟೈಮಲ್ಲೂ ಯಾವನೂ ಮುಟ್ತಾ ಇಲ್ಲ. ಕೋಳಿ ಗೂಡಿಗೆ ಕೊಟ್ರೂ ಬ್ಯಾಡ ಅಂತವ್ರೆ."

ನಾನು ಗೆಣ್ಣಿನಿಂದ ತಟ್ಟಿ ನೋಡಿದೆ. ಗುಂಯ್ ಎಂದಿತು. ಅಷ್ಟು ಗಟ್ಟಿ ತಗಡು ಆಗ ದುಡ್ಡು ಸುರಿದರೂ ಸಿಗುತ್ತಿರಲಿಲ್ಲ. ಅವರು ಹೇಳಿದ ಬೆಲೆಗೆ ಒಳ್ಳೆಯ ತೆಂಗಿನ ಸೋಗೆಯೂ ಬರುತ್ತಿರಲಿಲ್ಲ. ತಗಡು ತಗಡೇ ಅಲ್ಲವೇ ಎಂದುಕೊಂಡೆ. ಸತ್ತವರು ಜ್ವರದಿಂದ ಸತ್ತರು, ಸೂರಿನಿಂದಲ್ಲ.

ನೇರ ಅರಕಲಗೂಡಿಗೆ ಹೋದೆ. ಭಾವ ಜಗಲಿಯಲ್ಲಿದ್ದರು. ಅಕ್ಕ ಮಜ್ಜಿಗೆ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು. ನಾನು ಮೊದಲು ಬೆಲೆ ಹೇಳಿದೆ. ಭಾವನ ಮುಖ ಅರಳಿಬಿಟ್ಟಿತು.

"ಎಲ್ಲಾದ್ರೂ ಕದ್ದಿದ್ದೀಯೇನಯ್ಯಾ? ಪೊಲೀಸ್ನೋರು ಮಿಲ್ಲಿಗೇ ಬಂದಾರು!"

"ಕದ್ದದ್ದಲ್ಲ ಭಾವ. ಹಾಸನದ್ದು. ಕ್ಯಾಂಪಿನ ತಗಡು."

ಭಾವ ಅಕ್ಕನ ಕಡೆ ನೋಡಿದರು. ಅಕ್ಕ ನನ್ನ ಕಡೆ ನೋಡಲಿಲ್ಲ, ಅಂಗಳದಾಚೆ ಟಾರ್ಪಾಲು ಹೊದ್ದು ಕೂತಿದ್ದ ಮಿಶನ್ನಿನ ಕಡೆ ನೋಡಿದಳು.

"ಇಬ್ನಿಗೆ ತುಕ್ಕಿಡೀತಾ ಅದೆ ಅದು," ಎಂದಳು. "ಆಕು ಕಣಪ್ಪ. ಇನ್ನೆಲ್ಲಿ ತಂದೀಯ."

ಇಷ್ಟು ವರ್ಷ ನನ್ನನ್ನು ಕೊರೆಯುವುದು ತಗಡಿಗಿಂತ ಹೆಚ್ಚಾಗಿ ಆ ಜಗಲಿಯ ಮಾತು. ತಗಡು ಎಲ್ಲಿಯದು ಎಂದು ಮೊದಲು ಹೇಳಿದ್ದರೆ ಅವಳು ಬೇಡ ಎನ್ನಬಹುದಿತ್ತು. ನಾನು ಬೆಲೆಯನ್ನು ಮೊದಲು ಹೇಳಿದೆ, ಗಂಡನ ಮುಖ ಅರಳಿದ್ದನ್ನು ಅವಳು ನೋಡಿಯಾಗಿತ್ತು. ಆಮೇಲೆ ಬೇಡವೆಂದರೆ ಮಾರಿದ ಗದ್ದೆಯನ್ನೇ ಅವಳು ಕಾಲಿನಿಂದ ಒದ್ದಂತೆ. ಬೇಕೆಂದು ಹಾಗೆ ಮಾಡಿದೆನೇ? ಇಲ್ಲ. ಗಿರಾಕಿಗಳ ಮುಂದೆ ಬೆಲೆಯನ್ನೇ ಮೊದಲು ಹೇಳಿ ಹೇಳಿ ನನ್ನ ನಾಲಗೆ ಹಾಗೆ ಪಳಗಿತ್ತು. ಅಕ್ಕ ಗಿರಾಕಿಯಲ್ಲ ಎಂಬುದು ನಾಲಗೆಗೆ ಗೊತ್ತಿರಲಿಲ್ಲ.

ಸೀಮೆಎಣ್ಣೆ ಹಾಕಿ ನಂಬರುಗಳನ್ನು ಉಜ್ಜಿದೆ. ಅರ್ಧ ಹೋದವು, ಅರ್ಧ ಉಳಿದವು. ಉಳಿದವನ್ನು ಆಕಾಶದ ಕಡೆಗೆ ಮಾಡಿ ಹೊದಿಸಿದೆ. ಅರಕಲಗೂಡಿನ ಹುಲ್ಲುಮೆದೆ ನೋಡಿ, ಪಡುವಣ ಬದಿಗೆ ಬೋಲ್ಟು ಒತ್ತಾಗಿ ಬಿಗಿದೆ. ಕೂಲಿ ತೆಗೆದುಕೊಳ್ಳಲಿಲ್ಲ. ಅಂಥ ಅಚ್ಚುಕಟ್ಟಾದ ಕೆಲಸವನ್ನು ನಾನು ಮತ್ತೆಲ್ಲೂ ಮಾಡಿಲ್ಲ. ಪೂಜೆಯ ದಿನ ಎಂಜಿನ್ನು ಟಕಟಕ ಎಂದಾಗ ಊರ ಹುಡುಗರೆಲ್ಲ ಕೇಕೆ ಹಾಕಿದರು. ಅಕ್ಕ ಆರತಿ ತಟ್ಟೆಯನ್ನು ಹೊಸಿಲಾಚೆಯಿಂದ ಭಾವನ ಕೈಗೆ ಕೊಟ್ಟಳು. ಗಂಡಸರ ಗುಂಪಿಗೆ ನಾಚಿರಬೇಕು ಎಂದುಕೊಂಡೆ.

ಸುಗ್ಗಿ ಬಂತು. ಒಂದು ಬೆಳಿಗ್ಗೆ ಹೊಳೆನರಸೀಪುರದ ಮಿಲ್ಲಿನ ಮುಂದೆ ಭತ್ತದ ಗಾಡಿಗಳ ಸಾಲು ನಿಂತಿತ್ತು. ಎತ್ತಿನ ನೊಗ ಇಳಿಸುತ್ತಿದ್ದ ಒಬ್ಬ ರೈತನನ್ನು ಯಾವ ಕಡೆಯವರು ಎಂದು ಕೇಳಿದೆ.

"ಅರಕಲಗೂಡ್ ಕಡೆಯೋರು ಕಣಪ್ಪ."

"ಅಲ್ಲೇ ಹೊಸ ಮಿಲ್ಲು ಆಗೈತಲ್ಲ?"

"ಅಯ್ಯೋ, ಅದು ಪ್ಲೇಗ್ ಮಿಲ್ಲು!" ಎಂದ ಅವನು, ದನಿ ಇಳಿಸಿ. "ಸೂರಿಗೆ ಎಣದ್ ತಗಡು ಆಕವ್ರಂತೆ. ಮೊನ್ನೆ ಇಲಿ ಬಿತ್ತಂತೆ ಅಲ್ಲಿ. ಅಂಥ ಅಕ್ಕಿ ಉಂಡು ಮಕ್ಳ ಮರಿನ ಮಣ್ಣಿಗಾಕನಾ? ಯಾವನೋ ಪಾಪಿ ಅಗ್ಗಕ್ಕೆ ಸಿಕ್ತು ಅಂತ ತಂದು ಒದ್ಸವ್ನೆ."

ಆ ಪಾಪಿ ನಾನೇ ಎಂದು ಹೇಳಲಿಲ್ಲ. ಆವತ್ತೇ ಅರಕಲಗೂಡಿಗೆ ನಡೆದೆ, ಅರ್ಧ ದಾರಿಯಲ್ಲಿ ಒಂದು ಗಾಡಿ ಸಿಕ್ಕಿತು.

ಮಿಲ್ಲು ಸದ್ದಿಲ್ಲದೆ ನಿಂತಿತ್ತು. ಭಾವ ಖಾಲಿ ಚೀಲಗಳ ಮೇಲೆ ಕೂತಿದ್ದರು. ಇಲಿ ಬಿದ್ದದ್ದು ನಿಜ. ಭತ್ತದ ಚೀಲದಲ್ಲಿ ಬಂದು, ಬೆಲ್ಟಿಗೆ ಸಿಕ್ಕಿ ಜಜ್ಜಿಹೋಗಿತ್ತು. ಪ್ಲೇಗೂ ಇಲ್ಲ ಏನೂ ಇಲ್ಲ. ಆದರೆ ತಗಡು ಹೊತ್ತ ಗಾಡಿಯವರು ನಂಬರು ನೋಡಿದ್ದರು, ಊರಿಗೆಲ್ಲ ಹೇಳಿದ್ದರು. ಭತ್ತವಿರುವಲ್ಲಿ ಇಲಿ ಇಲ್ಲದಿರುತ್ತದೆಯೇ? ಅದನ್ನೂ ನಾನು ಬೆಲೆ ಕಟ್ಟುವಾಗ ಯೋಚಿಸಬೇಕಿತ್ತು. ಬಟ್ಟೆ ಅಂಗಡಿಯ ಮೇಲೆ ಹೊದಿಸಬಹುದಾಗಿದ್ದ ತಗಡನ್ನು ನಾನು ಭತ್ತದ ಮಿಲ್ಲಿನ ಮೇಲೆ ಹಾಕಿದ್ದೆ.

"ಬನ್ನಿ ಕಂಟ್ರಾಕ್ಟರ್ ಸಾಹೇಬ್ರೇ," ಎಂದರು ಭಾವ. "ಕುರ್ಚಿ ತರ್ಸ್ಲಾ?"

"ಭಾವ, ಆ ಇಲಿ ಬೆಲ್ಟಿಗೆ ಸಿಕ್ಕಿ..."

"ನಂಗ್ಯಾಕ್ ಯೋಳ್ತೀಯ? ಊರ್ ಮುಂದೆ ನಿಂತ್ಕಂಡು ಡಂಗುರ ಒಡಿ." ಖಾಲಿ ಚೀಲವೊಂದನ್ನು ಮಡಚುತ್ತ, "ಊರೋರ್ ಮಾತ್ ಬಿಡಯ್ಯ, ಅತ್ಲಾಗೆ. ನಿಮ್ಮಕ್ಕ ಈ ಮಿಲ್ಲೊಳಕ್ಕೆ ಕಾಲಿಟ್ಟಿದ್ ಯಾವತ್ತಾದ್ರೂ ನೋಡಿದ್ಯಾ ನೀನು?" ಎಂದರು.

ನೋಡಿರಲಿಲ್ಲ. ನಾನು ಹೋದಾಗಲೆಲ್ಲ ಅವಳು ಹೊರಗೆ ಬಿಸಿಲಿನಲ್ಲಿ ನಿಂತು ಭತ್ತ ಅಳೆಯುತ್ತಿದ್ದಳು. ಗಾಡಿಯವರ ಮೇಲೆ ಕಣ್ಣಿಟ್ಟಿದ್ದಾಳೆ, ನನ್ನಂತೆಯೇ ಗಟ್ಟಿಗಿತ್ತಿ ಎಂದು ಹೆಮ್ಮೆಪಟ್ಟಿದ್ದೆ.

ಹಿತ್ತಲಲ್ಲಿ ಅಕ್ಕ ಸಿಕ್ಕಳು. ನಾನು ಬಾಯಿ ತೆರೆಯುವ ಮೊದಲೇ, "ಒಪ್ಪಿದ್ದು ನಾನೇ ಅಲ್ವಾ, ನೀನ್ಯಾಕ್ ಕೊರಗ್ತೀಯ? ಉಂಡೋಗು, ಮುದ್ದೆ ಬಿಸಿ ಅದೆ," ಎಂದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಹೊಸ ತಗಡು ಎಲ್ಲೂ ಇರಲಿಲ್ಲ, ನನ್ನ ಮನೆಯ ಮೇಲೆ ಮಾತ್ರ ಇತ್ತು. ಮನೆ, ಕೊಟ್ಟಿಗೆ ಎರಡರದ್ದೂ ಸೇರಿದರೆ ಮಿಲ್ಲಿಗೆ ಸರಿಹೋಗುತ್ತಿತ್ತು. ಅದನ್ನು ಮಿಲ್ಲಿಗೆ ಹಾಕಿ, ಕ್ಯಾಂಪಿನದನ್ನು ನಮ್ಮ ಮನೆಗೆ ಹೊದಿಸುತ್ತೇನೆ ಎಂದು ಊರಿಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಲೆ ಊದುತ್ತಿದ್ದವಳು ನಿಲ್ಲಿಸಿದಳು.

"ನಮ್ದನ್ನ ಅವ್ರಿಗೆ ಆಕಿ, ಬ್ಯಾಡ ಅನ್ನಕಿಲ್ಲ. ನಮ್ಗೆ ಸೋಗೆ ಒದ್ಸಿ. ಆ ತಗಡು ಯಾಕೆ?"

"ತಗಡಿನವನ ಮನೆ ಮೇಲೆ ಸೋಗೆಯಾ? ನಾಳೆ ಯಾವ ಗಿರಾಕಿ ಬಂದಾನು?"

"ಗೌರಿ ಹಬ್ಬಕ್ಕೆ ಅತ್ಗೆಮ್ಮ ಬತ್ತಾರೆ."

"ಹಬ್ಬ ಎಲ್ಲಿ, ಇದೆಲ್ಲಿ. ಸುಗ್ಗಿ ಮುಗಿದೋಯ್ತದೆ, ಮೊದಲು ಮಿಲ್ಲು ನಡೀಲಿ."

ಅವಳು ಮತ್ತೆ ಒಲೆ ಊದಿದಳು. "ಆಯ್ತು ಬುಡಿ. ಇನ್ಮ್ಯಾಕೆ ಪ್ಲೇಗ್ ಬಂದ್ರೂ ಊರ್ ಬಿಡೋ ಕಷ್ಟ ಇಲ್ಲ. ನಾವಾಗ್ಲೇ ಕ್ಯಾಂಪಲ್ಲೇ ಇದ್ದೀವಲ್ಲ."

ಅರಕಲಗೂಡಿನ ಪೇಟೆ ಬೀದಿಯಲ್ಲಿ ಸಂತೆಯ ದಿನ, ನಡು ಮಧ್ಯಾಹ್ನ, ನನ್ನ ಮನೆಯ ತಗಡು ಹೊತ್ತ ಗಾಡಿಗಳು ಬಂದವು, ಕ್ಯಾಂಪಿನ ತಗಡು ಹೊತ್ತ ಗಾಡಿಗಳು ಹೋದವು. ಎಲ್ಲರಿಗೂ ಕಾಣಲಿ ಎಂದೇ ಸಂತೆಯ ದಿನ ಆರಿಸಿದ್ದೆ. ಜನ ದಾರಿ ಬಿಟ್ಟು ಅಂಗಡಿಗಳ ಜಗಲಿ ಹತ್ತಿ ನಿಂತರು. ಅಷ್ಟಾದರೂ ಗಾಡಿಗಳು ಮಿಲ್ಲಿನತ್ತ ತಿರುಗಲಿಲ್ಲ. ಕೊನೆಗೊಬ್ಬ ಮುದುಕ ಗಾಡಿ ನಿಲ್ಲಿಸಿ, ಕೆಳಗಿಳಿಯದೆಯೇ ಸೂರಿನ ಕಡೆ ಕತ್ತೆತ್ತಿ ನೋಡಿದ.

"ಇದ್ಯಾವ್ ತಗಡ್ಲಾ ಈಗ?"

"ನನ್ನ ಮನೇದು ಯಜಮಾನ್ರೇ."

"ನಿಮ್ಮನೇಲಿ ಯಾರೂ ಸತ್ತಿಲ್ವಾ?"

"ನಮ್ಮಾವ ಸತ್ತ. ವಯಸ್ಸಾಗಿತ್ತು."

"ಪ್ಲೇಗಲ್ಲಿ?"

"ಉಬ್ಬಸದಲ್ಲಿ."

ಮುದುಕ ಯೋಚಿಸಿದ. "ಉಬ್ಬಸ ಅಕ್ಕೀಗ್ ಅಂಟಾಕಿಲ್ಲ. ಇಳಿಸ್ಲಾ ಚೀಲನ."

ಅವನ ಹಿಂದೆ ಉಳಿದವರೂ ಬಂದರು. ಸುಗ್ಗಿಯಲ್ಲಿ ಅರ್ಧ ಆಗಲೇ ಕೈಬಿಟ್ಟು ಹೋಗಿತ್ತು, ಉಳಿದರ್ಧ ದಕ್ಕಿತು. ಮುಂದಿನ ವರ್ಷಗಳಲ್ಲಿ ಮಿಲ್ಲು ಕುದುರಿಕೊಂಡಿತು. ಅಕ್ಕ ಒಳಗೆ ನಿಂತು ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡುವುದನ್ನು ಕಂಡಾಗ ನಾನು ಗೆದ್ದೆ ಎಂದುಕೊಂಡೆ.

ಆ ವರ್ಷದ ಗೌರಿ ಹಬ್ಬ ಬಂತು. ಅಕ್ಕನಿಗೆ ತವರು ಅಂತ ಇರುವುದು ನನ್ನ ಮನೆ ಒಂದೇ. ಗಾಡಿಯಿಂದ ಇಳಿದವಳು ತಲೆಬಾಗಿಲವರೆಗೆ ಬಂದು, ಮೇಲೆ ನೋಡಿ, ನಿಂತಳು. "ಒಳಗೆ ಸೆಕೆ ಕಣಪ್ಪ. ಹಿತ್ಲಲ್ಲೇ ಕೂತ್ಕತೀನಿ," ಎಂದಳು. ಭಾದ್ರಪದ, ಜಡಿ ಹನಿಯುತ್ತಿತ್ತು. ಎಲ್ಲಿಯ ಸೆಕೆ?

ಹೊಂಗೆ ಮರದ ಬುಡದಲ್ಲಿ ಚಾಪೆ ಹಾಸಿದೆವು. ಅಲ್ಲೇ ಅವಳಿಗೆ ಬಾಗಿನ ಕೊಟ್ಟದ್ದು, ಅಲ್ಲೇ ಊಟ ಬಡಿಸಿದ್ದು. ಎಲೆಗಳಿಂದ ತೊಟ್ಟಿಕ್ಕಿದ ನೀರು ಒಬ್ಬಟ್ಟಿನ ಮೇಲೆ ಬಿತ್ತು, ಅವಳು ಎಡಗೈಯಿಂದ ಸೆರಗು ಅಡ್ಡ ಹಿಡಿದು ಉಂಡಳು. ನನ್ನ ಹೆಂಡತಿ ತನ್ನ ಎಲೆಯನ್ನೂ ಅಲ್ಲಿಗೆ ಒಯ್ದು ಪಕ್ಕದಲ್ಲಿ ಕೂತಳು. ಇಬ್ಬರೂ ಏನೋ ಹೇಳಿಕೊಂಡು ನಕ್ಕರು ಕೂಡ. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ತಲೆಯ ಮೇಲೆ ತಗಡಿನ ಮೇಲೆ ಮಳೆ ಪಟಪಟ ಎನ್ನುತ್ತಿತ್ತು. ಕ್ಯಾಂಪಿನಲ್ಲಿ ಅಕ್ಕ ನೆನೆಸಿ ಎಸೆಯುತ್ತಿದ್ದ ಸೀರೆ ತಗಡಿಗೆ ಬೀಳುವ ಸದ್ದು ನನಗೆ ಆವತ್ತು ಕೇಳಿತು. ಹತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಸಂಜೆಯೊಳಗೆ ಹೊರಟುಹೋದಳು. ಮೊದಲೆಲ್ಲ ವಾರವಿರುತ್ತಿದ್ದಳು.

ಮಿಲ್ಲಿನಿಂದ ತೆಗೆದ ಭಾರವನ್ನು ನಾನು ಅವಳ ತವರಿನ ಮೇಲೆ ಇಟ್ಟಿದ್ದೆ. ಸೋಗೆ ಹೊದಿಸಿದ್ದರೆ ನನಗೆ ಹೋಗುತ್ತಿದ್ದದ್ದು ನಾಲ್ಕು ಜನರ ಮುಂದಿನ ಠೀವಿ ಅಷ್ಟೆ. ಹೆಂಡತಿ ಬಾಯಿಬಿಟ್ಟು ಹೇಳಿಯೂ ಇದ್ದಳು.

ಮಳೆ ಕಳೆದ ಮೇಲೆ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿದೆ, ಹೆಂಚಿನದು. ಹೆಂಚು ಹೊದಿಸುವವರು ಬಂದು, "ಏನ್ ಸಾ, ತಗಡಿನ್ ಯಜಮಾನ್ರು ಹೆಂಚಿಗ್ ಬಂದ್ಬುಟ್ರಲ್ಲ? ತಗಡು ಸೋರ್ತದಾ?" ಎಂದು ನಕ್ಕರು. "ಸೋರ್ತದೆ," ಎಂದೆ. ಮುಂದಿನ ಗೌರಿಗೆ ಅಕ್ಕ ಕೋಣೆಯ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು. ಆಮೇಲೆ ಗಂಟನ್ನು ಒಳಗಿಟ್ಟಳು. ಮೂರು ದಿನ ಇದ್ದಳು. ನಡುಮನೆಗೆ ಇವತ್ತಿನವರೆಗೂ ಬಂದಿಲ್ಲ. ಹೊರಗಿನಿಂದಲೇ ಹೆಂಡತಿಯನ್ನು ಕೂಗುತ್ತಾಳೆ.

ಯುದ್ಧ ಮುಗಿದ ಮೇಲೆ ಒಂದಿಷ್ಟು ಹೊಸ ತಗಡು ಸಿಗತೊಡಗಿತು. ಕ್ಯಾಂಪಿನದನ್ನು ಕಿತ್ತು ಹಾಕಿಬಿಡಿ ಎಂದು ಹೆಂಡತಿ ಹೇಳುತ್ತಾಳೆ. ಕಿತ್ತು ಎಲ್ಲಿಡಲಿ? ಹಿತ್ತಲಲ್ಲಿ ಪೇರಿಸಿಟ್ಟರೆ ಯಾರಾದರೂ ಕೇಳಿಕೊಂಡು ಬರುತ್ತಾರೆ. ಗಟ್ಟಿ ತಗಡು, ಅಗ್ಗಕ್ಕೆ ಕೊಟ್ಟುಬಿಡುತ್ತೇನೆ. ಅವನು ಮನೆಗೆ ಹೋಗಿ ಮೊದಲು ಬೆಲೆ ಹೇಳುತ್ತಾನೆ, ಅವನ ಮನೆಯಲ್ಲೂ ಒಬ್ಬಳು ಬಾಗಿಲಿಗೆ ಒರಗಿ ನಿಂತಿರುತ್ತಾಳೆ. ಬೇಡ, ಅದು ನನ್ನ ಮೇಲೆಯೇ ಇರಲಿ.

ಈಗ ಗಿರಾಕಿಗಳಿಗೆ ಬೆಲೆಯನ್ನು ಕೊನೆಯಲ್ಲಿ ಹೇಳುತ್ತೇನೆ. ತಗಡು ಎಲ್ಲಿಯದು, ಯಾರ ಸೂರಿನ ಮೇಲಿತ್ತು ಎಂದು ಮೊದಲು ಹೇಳುತ್ತೇನೆ, ಮನೆಯ ಹೆಂಗಸರು ಇದ್ದರೆ ಅವರನ್ನೂ ಕರೆಸುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಇದರಿಂದ ಆಗಿದ್ದು ಸರಿಹೋಗುವುದಿಲ್ಲವೆಂದು ಗೊತ್ತು.

ಇದನ್ನು ಬರೆಯುವ ಹೊತ್ತಿಗೆ, ೧೯೪೯ರಲ್ಲಿ, ನನಗಿರುವುದು ಇಷ್ಟು: ಹೊಳೆನರಸೀಪುರದಲ್ಲಿ ತಗಡಿನ ಮನೆ ಒಂದು, ಕೊಟ್ಟಿಗೆ ಒಂದು, ಹಿತ್ತಲಲ್ಲಿ ಹೆಂಚಿನ ಕೋಣೆ ಒಂದು. ಏಣಿ ಎರಡು, ಎತ್ತು ಎರಡು, ಗಾಡಿ ಒಂದು. ಹೆಂಡತಿ, ಮೂವರು ಮಕ್ಕಳು. ಅರಕಲಗೂಡಿನಲ್ಲಿ ಅಕ್ಕ ಒಬ್ಬಳು.